ಅದು ಹೊಗಳಿಕೆ ಅಲ್ವಾ?

ಪ್ರಶ್ನೆ: ಅಟ್ಲಾಂಟಾದಲ್ಲಿ ನನ್ನ ಜೊತೆ ಕೆಲಸ ಮಾಡುವ ಕಪ್ಪು ಗೆಳೆಯನೊಬ್ಬ ಇದ್ದಾನೆ. ಮೊನ್ನೆ ಪಾರ್ಟಿಯಲ್ಲಿ ಒಬ್ಬಾಕೆ ಅವನ ತೋಳು ಹಿಸುಕಿ, ‘ನಿಮ್ಮವರ ಬಗ್ಗೆ ಹೇಳೋದು ನಿಜಾನಾ?’ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಗ್ಲಾಸ್ ಇಟ್ಟು ಹೊರಟೇಬಿಟ್ಟ. ಅಷ್ಟು ಬೇಜಾರು ಯಾಕೆ?

ಉತ್ತರ 1: ಹೊಗಳಿಕೆ ಅಲ್ಲ ಮಾರಾಯ್ರೇ. ಅಮೆರಿಕದಲ್ಲಿ ಕಪ್ಪು ಗುಲಾಮರ ಹರಾಜಿನಲ್ಲಿ ಬಟ್ಟೆ ಬಿಚ್ಚಿಸಿ, ಹಲ್ಲು, ಬೆನ್ನು, ತೋಳು ಮುಟ್ಟಿ ನೋಡಿ ಬೆಲೆ ಕಟ್ಟುತ್ತಿದ್ದರು. 1865ರಲ್ಲಿ ಗುಲಾಮಗಿರಿ ಹೋಯಿತು. ‘ಇವರಿಗೆ ಕಾಮ ಜಾಸ್ತಿ’ ಅನ್ನೋ ಕಟ್ಟುಕತೆ ಹೋಗಲಿಲ್ಲ. ಅದೇ ನೆಪದಲ್ಲಿ ಬಿಳಿಯರ ಗುಂಪುಗಳು ಎಷ್ಟೋ ಕಪ್ಪು ಜನರನ್ನು ಕೊಂದವು. ಆ ನೆಪ ಸುಳ್ಳು ಅಂತ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ 1892ರಲ್ಲೇ ಬರೆದರು. 1955ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಹುಡುಗ ಎಮ್ಮೆಟ್ ಟಿಲ್‌ನನ್ನು ಕೊಂದಾಗ ಅವನಿಗೆ 14 ವರ್ಷ. ಬಿಳಿ ಹೆಂಗಸಿನ ಜೊತೆ ಸಲಿಗೆ ತೋರಿಸಿದ ಅನ್ನೋದು ಆರೋಪ. ಕೊಂದವರಿಗೆ ಶಿಕ್ಷೆಯೇ ಆಗಲಿಲ್ಲ.

ಉತ್ತರ 2: ಅದೆಲ್ಲಾ ಹಳೇ ಕತೆ. ಇವತ್ತಿಗೂ ಇತಿಹಾಸ ಎಳೆಯಬೇಕಾ?

ಉತ್ತರ 1: ಹಳೇದಾ? ಡೇಟಿಂಗ್ ಆ್ಯಪ್‌ನಲ್ಲಿ ಹೆಸರು ಕೇಳುವ ಮೊದಲೇ ಮೈಯ ಅಳತೆ ಕೇಳ್ತಾರೆ ಅಂತ ಎಷ್ಟೋ ಕಪ್ಪು ಗಂಡಸರು ಹೇಳಿಕೊಂಡಿದ್ದಾರೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕಪ್ಪು ಹುಡುಗನ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ, ‘ಅವನಿಗೂ ಬೇಕಿತ್ತು’ ಅಂತ ತಳ್ಳಿಹಾಕುವುದು ಸುಲಭ. ಹಾಗಾಗಿ ಎಷ್ಟೋ ಹುಡುಗರು ಬಾಯಿ ಬಿಡೋದೇ ಇಲ್ಲ.

ಪ್ರಶ್ನೆ ಕೇಳಿದವರು: ನಾಳೆ ಅವನ ಹತ್ತಿರ ಹೋಗ್ತೀನಿ. ಮೊದಲು ನಾನು ನಕ್ಕಿದ್ದಕ್ಕೆ ಕ್ಷಮೆ ಕೇಳಬೇಕು.