‘ಗುಂಗು’ ಅನ್ನೋದು ದುಃಖಕ್ಕೂ ಸಲ್ಲುತ್ತಾ?

ನಮಸ್ಕಾರ ಎಲ್ರಿಗೂ,

ಒಂದು ಪದಕ್ಕೋಸ್ಕರ ನಾಲ್ಕು ದಿನದಿಂದ ಒದ್ದಾಡ್ತಿದೀನಿ. ಕಳೆದ ವಾರ ಭೈರಪ್ಪನವರ ಕಾದಂಬರಿ ‘ಗೃಹಭಂಗ’ ಓದಿ ಮುಗೀತು (‘ಮುಗಿಸಿದೆ’ ಅನ್ನೋಕೆ ಯಾಕೋ ಬಾಯಿ ಬರ್ತಿಲ್ಲ). 1970ರ ಪುಸ್ತಕ, ಇಷ್ಟು ವರ್ಷ ಕಪಾಟಲ್ಲೇ ಇತ್ತು, ಸೋಮಾರಿತನ ನಂದೇ. ಕೊನೇ ಪುಟಗಳನ್ನ ಮೆಟ್ರೋದಲ್ಲಿ ಓದ್ತಾ ಇದ್ದೆ, ಇಳೀಬೇಕಾಗಿದ್ದು ಜಯನಗರದಲ್ಲಿ, ತಲೆ ಎತ್ತಿ ನೋಡಿದ್ರೆ ಬನಶಂಕರಿ, ಇಳಿದವನು ವಾಪಸ್ ಹೋಗೋ ಟ್ರೈನ್ ಹಿಡಿಯೋದು ಬಿಟ್ಟು ಅಲ್ಲೇ ಬೆಂಚ್ ಮೇಲೆ ಕೂತು ಪುಸ್ತಕದ ರಟ್ಟು ಸವರ್ತಾ ಎರಡು ಟ್ರೈನ್ ಬಿಟ್ಟೆ.

ಮನೇಲಿ ಹೇಳಿದ್ರೆ ಮಗಳು ‘ಅಪ್ಪಾ ಅದು ಬುಕ್ ಹ್ಯಾಂಗೊವರ್’ ಅಂದ್ಲು. ನಾನು ‘ಗುಂಗು ಅನ್ನಮ್ಮ’ ಅಂತ ತಿದ್ದೋಕೆ ಹೋಗಿ ನಾನೇ ಸಿಕ್ಕಾಕೊಂಡೆ. ಗುಂಗು ಹತ್ತತ್ತೆ, ಗುಂಗಲ್ಲಿರ್ತೀವಿ, ಆಮೇಲೆ ಇಳಿಯತ್ತೆ, ಸರಿ. ಆದ್ರೆ ಅದು ರಾಮನವಮಿ ಕಚೇರಿ ಕೇಳಿ ಬಂದ್ಮೇಲೆ ರಾಗ ತಲೇಲಿ ಸುತ್ತತ್ತಲ್ಲ ಅಂಥದ್ದು, ಅದ್ರಲ್ಲೊಂದು ಸುಖ ಇದೆ. ಗಂಡನ ಶಾನುಭೋಗಿಕೆ ಲೆಕ್ಕಾನೂ ತಾನೇ ಬರೆದು ಮನೆ ನಡೆಸಿ, ಬೆಳೆದ ಮಗ ಮಗಳು ಇಬ್ರನ್ನೂ ಪ್ಲೇಗಿಗೆ ಕೊಟ್ಟು, ಕಡೆಗೆ ತಾನೂ ಅದೇ ಪ್ಲೇಗಿಗೆ ಹೋಗೋ ನಂಜಮ್ಮನ ಕಥೆ ಓದಿ ‘ಗುಂಗಲ್ಲಿದೀನಿ’ ಅಂದ್ರೆ ಏನೋ ಅಪಚಾರ ಮಾಡ್ದಂಗೆ ಅನ್ಸತ್ತೆ. ಮರಾಠಿಯಲ್ಲಿ ‘ಗುಂಗಿ’ ಅಂದ್ರೆ ಮಂಪರು, ನಮ್ಮ ಗುಂಗು ಆ ಕಡೆಯಿಂದ ಬಂದಿದ್ದಾ ಅಥವಾ ಗುಂಗಿಹುಳದ ಸದ್ದಿಂದಾನಾ? ನಿಘಂಟು ಬರೆದ ಜೀವಿ (ಜಿ. ವೆಂಕಟಸುಬ್ಬಯ್ಯ) ಇದ್ದಿದ್ರೆ, ಪದಗಳ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ ಕೊಡ್ತಿದ್ದ ಅವರ ‘ಇಗೋ ಕನ್ನಡ’ ಅಂಕಣಕ್ಕೆ ಒಂದು ಕಾರ್ಡ್ ಹಾಕ್ಬಿಡ್ತಿದ್ದೆ.

ಆಫೀಸಲ್ಲಿ ಧಾರವಾಡದವರೊಬ್ರು ‘ಹಳಹಳಿ ಅನ್ರೀ’ ಅಂದ್ರು. ಹತ್ತಿರ ಬಂತು, ಆದ್ರೆ ಇಲ್ಲಿ ಹಳಹಳಿಕೆ ಅಂದ್ರೆ ‘ನಮ್ಮ ಕಾಲದಲ್ಲಿ ಬೆಂಗಳೂರು ಹಂಗಿತ್ತು ಹಿಂಗಿತ್ತು’ ಅಂತ ಕೊರೆಯೋದು ಅಂತಾಗಿಬಿಟ್ಟಿದೆ.

ಕೊನೆಗೆ ಪದ ಕೊಟ್ಟಿದ್ದು ನಮ್ಮಮ್ಮ. ಮೊದ್ಲು ‘ಯಾಕೋ ಮಂಕು ಬಡಿದೋನ ಥರ ಕೂತಿದೀಯ’ ಅಂತ ಬೈದ್ರು, ಪ್ಲೇಗು ಅಂದ ತಕ್ಷಣ ಕೈಯಲ್ಲಿದ್ದ ಹುರಳೀಕಾಯಿ ಪಕ್ಕಕ್ಕಿಟ್ರು. ಅವರ ತವರು ತಿಪಟೂರು ಕಡೆ. ಅವರಜ್ಜಿ ಹೇಳ್ತಿದ್ರಂತೆ, ‘ಇಲಿ ಬಿತ್ತು’ ಅಂದ್ರೆ ಸಾಕು, ಜನ ಪಾತ್ರೆ ಪಗಡ ಹೊತ್ಕೊಂಡು ಹೊಲದಲ್ಲಿ ಗುಡಿಸ್ಲು ಹಾಕ್ಕೊಳೋರು, ಬೀದಿಗೆ ಬೀದೀನೇ ಬೀಗ, ‘ಊರು ಬಿಕೋ ಅನ್ನೋದು’.

ಬಿಕೋ! ನಂಗಾಗಿದ್ದು ಅದೇ. ಒಳಗಿದ್ದೋರೆಲ್ಲ ಖಾಲಿ ಮಾಡ್ಕೊಂಡು ಹೋದಂಗೆ.

ಈಗ ಪ್ರಶ್ನೆ. ಮನೆ ಬಿಕೋ ಅನ್ನತ್ತೆ, ಬೀದಿ ಅನ್ನತ್ತೆ, ಮದುವೆ ಮುಗಿದ ಛತ್ರ ಅನ್ನತ್ತೆ. ‘ನಾನು ಬಿಕೋ ಅಂತಿದೀನಿ’ ಅಂತ ಯಾರೂ ಅನ್ನಲ್ಲ, ‘ನಂಗೆ ಬಿಕೋ ಆಯ್ತು’ ಅಂತಾನೂ ಇಲ್ಲ, ಮಧ್ಯೆ ಮನಸ್ಸೋ ಎದೆಯೋ ಅಂತ ಒಂದು ಜಾಗ ತರ್ಲೇಬೇಕು. ಭಣಭಣಕ್ಕೂ ಇದೇ ಪಾಡು. ನಿಮ್ಮ ಕಡೆ ಮನುಷ್ಯರಿಗೇ ನೇರವಾಗಿ ಬಿಕೋ ಹಚ್ಚಿ ಮಾತಾಡಿದ್ದು ಯಾರಾದ್ರೂ ಕೇಳಿದೀರಾ? ಕೇಳಿದ್ರೆ ಆ ವಾಕ್ಯಾನ ಹಂಗಂಗೇ ಬರೀರಿ, ನಿಘಂಟು ನನ್ನ ಹತ್ರಾನೂ ಇದೆ.