ದುರಂತದ ಸ್ಮರಣಾ ಸಭೆ ಹೇಗಿರಬೇಕು?

ಪ್ರಶ್ನೆ: ಇಡೀ ದೇಶವನ್ನು ತಲ್ಲಣಗೊಳಿಸಿದ ದುರಂತವೊಂದರ ವಾರ್ಷಿಕ ಸ್ಮರಣೆಗಾಗಿ ನಾವು ಕೆಲವರು ಸಭೆ ಏರ್ಪಡಿಸುತ್ತಿದ್ದೇವೆ. ಭಾಷಣಗಳ ಭರದಲ್ಲಿ ಮಡಿದವರೇ ಮರೆಯಾಗುವರೆಂಬ ಆತಂಕ ನನ್ನದು. ನಮ್ಮವರು ಯಾರನ್ನೂ ಕಳೆದುಕೊಳ್ಳದ ನಮಗೆ ಈ ಶೋಕದಲ್ಲಿ ಎಷ್ಟು ಪಾಲಿದೆ ಎಂಬುದೂ ಕಾಡುತ್ತಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಭಾಷಣಗಳನ್ನು ಕೈಬಿಟ್ಟು ಹೆಸರುಗಳನ್ನು ಓದಿಸಿ. ನ್ಯೂಯಾರ್ಕ್‌ನಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಮಡಿದವರ ಹೆಸರುಗಳನ್ನು ಪ್ರತಿವರ್ಷ ಬಂಧುಗಳೇ ಓದುತ್ತಾರೆ. ವಿಮಾನಗಳು ಅಪ್ಪಳಿಸಿದ ಮತ್ತು ಗೋಪುರಗಳು ಕುಸಿದ ಕ್ಷಣಗಳಲ್ಲಿ ಓದು ನಿಲ್ಲುತ್ತದೆ, ಗಂಟೆ ಮೊಳಗುತ್ತದೆ. ಪರರ ಹೆಸರುಗಳನ್ನು ಸ್ಥಿರವಾಗಿ ಓದಿದವರು ಕೊನೆಯಲ್ಲಿ ತಮ್ಮವರ ಹೆಸರು ಬಂದಾಗ ದನಿ ಕಟ್ಟಿ ತಡವರಿಸುವುದುಂಟು. ರಾಜಕಾರಣಿಗಳು ಬಂದರೂ ಅಲ್ಲಿ ಭಾಷಣ ಮಾಡುವುದಿಲ್ಲ, ಅದು ಅತ್ಯಂತ ಸೂಕ್ತವೆಂದೇ ನನ್ನ ಭಾವನೆ.

ಉತ್ತರ: ಮೌನಾಚರಣೆಯನ್ನು ದುರಂತದ ಗಳಿಗೆಗೇ ಹೊಂದಿಸಿ. ಹಿರೋಶಿಮಾದಲ್ಲಿ ಆಗಸ್ಟ್ 6ರಂದು ಬೆಳಗ್ಗೆ 8.15ಕ್ಕೆ, ಅಂದರೆ 1945ರಲ್ಲಿ ಬಾಂಬ್ ಬಿದ್ದ ಹೊತ್ತಿಗೇ, ಮೌನ ಆಚರಿಸುತ್ತಾರೆ.

ಉತ್ತರ: ತಮ್ಮ ಎರಡನೆಯ ಪ್ರಶ್ನೆಯೇ ನನಗೆ ಮುಖ್ಯವೆನಿಸಿತು. ಬಂಧುಗಳ ದುಃಖ ನಮ್ಮದಾಗದು, ಆದರೆ ಅವರು ಏನು ಕೇಳುತ್ತಿದ್ದಾರೆ ಎಂಬುದನ್ನು ಆಲಿಸುವ ಹೊಣೆ ಖಂಡಿತ ನಮ್ಮದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ ವಿಷಾನಿಲದಿಂದ ಬದುಕುಳಿದವರು ವಾರ್ಷಿಕ ಸ್ಮರಣೆಯಂದು ಬೀದಿಗಿಳಿದು ಚಿಕಿತ್ಸೆ, ಪರಿಹಾರ ಮತ್ತು ಕಲುಷಿತ ನೆಲದ ಶುದ್ಧೀಕರಣಕ್ಕಾಗಿ ದನಿಯೆತ್ತುತ್ತಾ ಬಂದಿದ್ದಾರೆ. ಆದ್ದರಿಂದ ಸಭೆಯ ರೂಪುರೇಷೆ ನಿರ್ಧರಿಸುವ ಮುನ್ನವೇ ಸಂತ್ರಸ್ತ ಕುಟುಂಬಗಳನ್ನು ಭೇಟಿಯಾಗಿ, ಅವರು ಒಪ್ಪಿದ್ದನ್ನು ಮಾತ್ರ ಮಾಡಿ.