ಸ್ಟಾಂಪ್ ಹಿಂದೆ ತೆಳು ಇದೆ, ಸೆಲ್ಲರ್‌ಗೆ ನೆಗೆಟಿವ್ ಹಾಕಬಹುದಾ?

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯರು):
ಎಲ್ಲರಿಗೂ ನಮಸ್ಕಾರ. ಈಬೇ ವೆಬ್‌ಸೈಟಿನ ಹರಾಜಿನಲ್ಲಿ ಇಂಗ್ಲೆಂಡಿನ ಸೆಲ್ಲರ್ ಒಬ್ಬರಿಂದ 1948ರ ಗಾಂಧಿ ಸರಣಿಯ ಹನ್ನೆರಡಾಣೆ ಸ್ಟಾಂಪ್ ಗೆದ್ದೆ. ಲಿಸ್ಟಿಂಗ್‌ನಲ್ಲಿ ಮುಂಬದಿಯ ಫೋಟೋ ಮಾತ್ರ ಇತ್ತು, ‘ಫೈನ್ ಕಂಡಿಷನ್’ ಅಂತ ಬರೆದಿದ್ದರು. ಕೈಗೆ ಬಂದ ಮೇಲೆ ದೀಪಕ್ಕೆ ಹಿಡಿದು ನೋಡಿದರೆ, ಹಿಂದೆ ಹಿಂಜ್ (ಸ್ಟಾಂಪನ್ನ ಆಲ್ಬಂಗೆ ಅಂಟಿಸೋ ಪುಟ್ಟ ಕಾಗದದ ಪಟ್ಟಿ) ಕಿತ್ತ ಕಡೆ ಕಾಗದ ಸುಲಿದು ತೆಳುವಾಗಿದೆ. ಸುಮಾರು 3 ಮಿ.ಮೀ. ಜಾಗದಲ್ಲಿ ಬೆಳಕು ತೂರಿ ಬರುತ್ತೆ. ಸಾಲದ್ದಕ್ಕೆ ಪಾರ್ಸೆಲ್ ಹೇಳಿದ ದಿನಕ್ಕಿಂತ ಒಂದು ವಾರ ತಡ. ಸೆಲ್ಲರ್ ನನಗೆ ಇನ್ನೂ ಫೀಡ್‌ಬ್ಯಾಕ್ (ವ್ಯವಹಾರದ ಬಗ್ಗೆ ಪಾಸಿಟಿವ್, ನ್ಯೂಟ್ರಲ್ ಇಲ್ಲ ನೆಗೆಟಿವ್ ಅನ್ನೋ ಅಭಿಪ್ರಾಯ) ಕೊಟ್ಟಿಲ್ಲ. ನಾನು ನೆಗೆಟಿವ್ ಹಾಕಿದರೆ ಅವರೂ ತಿರುಗಿಸಿ ಹಾಕ್ತಾರಾ? ಹತ್ತು ಫೀಡ್‌ಬ್ಯಾಕ್ ಆಗಿ ಹಳದಿ ನಕ್ಷತ್ರ ಈಗಷ್ಟೇ ಬಂದಿದೆ, ಅದು ಕೆಟ್ಟುಹೋದರೆ ಬೇಜಾರು. ಗುಂಪಿನಲ್ಲಿ ಸ್ಟಾಂಪ್ ವ್ಯಾಪಾರ ಮಾಡೋ ಸರ್ ಇದ್ದಾರಲ್ಲ, ದಯವಿಟ್ಟು ಹೇಳಿ.

ಉತ್ತರ (ಸ್ಟಾಂಪ್ ವ್ಯಾಪಾರಿ, ಬೆಂಗಳೂರು):
ಮೊದಲು ನಿಮ್ಮ ಭಯ ಬಿಡಿ. ಸೆಲ್ಲರ್ ನಿಮಗೆ ನೆಗೆಟಿವ್ ಹಾಕೋದಕ್ಕೆ ಆಗೋದೇ ಇಲ್ಲ. 2008ರ ಮೇ ತಿಂಗಳಿಂದ ಈಬೇಯಲ್ಲಿ ಸೆಲ್ಲರ್ ಬೈಯರ್‌ಗೆ ಪಾಸಿಟಿವ್ ಮಾತ್ರ ಕೊಡಬಹುದು, ಇಲ್ಲವೇ ಸುಮ್ಮನಿರಬೇಕು. ಪಾಸಿಟಿವ್ ಒತ್ತಿ ಕೆಳಗೆ ಬೈಗುಳ ಬರೆದರೆ ಅದನ್ನೂ ತೆಗೆಸಬಹುದು.

ಅದಕ್ಕೆ ಮುಂಚೆ ನೀವು ಹೇಳಿದ ಹಾಗೇ ನಡೀತಿತ್ತು. 1996ರಲ್ಲಿ ಈಬೇ ಈ ಫೀಡ್‌ಬ್ಯಾಕ್ ಪದ್ಧತಿ ಶುರು ಮಾಡಿದಾಗ ಇಬ್ಬರೂ ಒಬ್ಬರಿಗೊಬ್ಬರು ಏನು ಬೇಕಾದರೂ ಕೊಡಬಹುದಿತ್ತು. ಹಾಗಾಗಿ ಸೆಲ್ಲರ್‌ಗಳು ದುಡ್ಡು ಬಂದರೂ ಬಾಯಿ ಬಿಡದೆ, ಬೈಯರ್ ಮೊದಲು ಕೊಡಲಿ ಅಂತ ಕೂತಿರೋರು. ನೀನು ಹೊಡೆದರೆ ನಾನೂ ಹೊಡೀತೀನಿ ಅನ್ನೋ ಲೆಕ್ಕ. ಬೈಯರ್‌ಗಳು ಹೆದರಿ, ಮುರಿದ ಸಾಮಾನು ಬಂದರೂ ‘ಎ ಪ್ಲಸ್ ಪ್ಲಸ್ ಪ್ಲಸ್’ ಅಂತ ಬರೆದು ಕೈತೊಳೆದುಕೊಳ್ಳೋರು. ಈ ಕಾಟ ತಪ್ಪಿಸೋಕೆ ಅಂತಲೇ ನಿಯಮ ಬದಲಾಯಿಸಿದರು. ಅವತ್ತು ಸೆಲ್ಲರ್‌ಗಳು ಕೆಂಡಾಮಂಡಲವಾಗಿದ್ದರು, ಆ ವರ್ಷ ಫೆಬ್ರವರಿಯಲ್ಲಿ ಒಂದು ವಾರ ಮುಷ್ಕರವನ್ನೂ ಮಾಡಿದ್ದರು. ನಾನೂ ಮಾರೋನೇ, ಆದರೂ ಬದಲಾವಣೆ ಸರಿ ಅಂತಲೇ ನನ್ನ ಅಭಿಪ್ರಾಯ. ಹಣ ಬಂದ ಗಳಿಗೆಗೆ ಬೈಯರ್‌ನ ಕೆಲಸ ಮುಗೀತು, ಅವತ್ತೇ ಅವರಿಗೆ ಪಾಸಿಟಿವ್ ಕೊಟ್ಟುಬಿಡಬೇಕು. ಅದನ್ನ ಹಿಡಿದಿಟ್ಟುಕೊಂಡು ಕಾಯೋದು ಹಳೇ ಚೌಕಾಸಿ ಬುದ್ಧಿ.

ಆದರೆ ತಿರುಗಿ ಹೊಡೆಯೋಕಾಗದವರ ಮೇಲೆ ಕೈ ಎತ್ತುವಾಗ ಸ್ವಲ್ಪ ಯೋಚನೆ ಮಾಡಬೇಕಲ್ಲವಾ? ಅದಕ್ಕೇ ಇವತ್ತೇ ನೆಗೆಟಿವ್ ಹಾಕಬೇಡಿ. ಫೀಡ್‌ಬ್ಯಾಕ್ ಕೊಡೋಕೆ 60 ದಿನ ಇರುತ್ತೆ. ವಾಪಸ್ ಕೇಳೋಕೆ ಇರೋದು ಪಾರ್ಸೆಲ್ ಕೈಸೇರಿದ ಮೇಲೆ 30 ದಿನ. ಓಡ್ತಿರೋ ಗಡಿಯಾರ ಎರಡನೆಯದು, ಅದರ ಕಡೆ ಗಮನ ಕೊಡಿ.

ಮೊದಲು ಮೆಸೇಜ್. ಸ್ಟಾಂಪನ್ನ ಮಗುಚಿ ಇಟ್ಟು ಒಂದು ಫೋಟೋ, ಬೆಳಕಿಗೆ ಹಿಡಿದು ಇನ್ನೊಂದು. ಎರಡನ್ನೂ ಹಾಕಿ ನಾಲ್ಕೇ ಸಾಲು ಬರೆಯಿರಿ: ಸ್ಟಾಂಪ್ ತಲುಪಿತು, ಹಿಂದೆ ಹಿಂಜ್ ಜಾಗದಲ್ಲಿ ತೆಳುವಾಗಿದೆ, ಲಿಸ್ಟಿಂಗ್‌ನಲ್ಲಿ ಇದನ್ನ ಹೇಳಿರಲಿಲ್ಲ, ಏನು ಮಾಡೋಣ ಅಂತೀರಿ? ಅಷ್ಟೇ. ‘ಮೋಸ’ ಅನ್ನೋ ಮಾತು ಬೇಡ, ‘ನೆಗೆಟಿವ್ ಹಾಕ್ತೀನಿ’ ಅನ್ನೋದಂತೂ ಬೇಡವೇ ಬೇಡ. ತಾತನ ಕಾಲದ ಆಲ್ಬಂ ಬಿಡಿಬಿಡಿಯಾಗಿ ಮಾರೋರು ಬಹಳ ಜನ ಇದ್ದಾರೆ, ಎಷ್ಟೋ ಮಂದಿ ಸ್ಟಾಂಪ್ ಮಗುಚಿ ನೋಡಿರೋದೇ ಇಲ್ಲ. ನಿಮ್ಮ ಸೆಲ್ಲರ್ ಅಂಥವರೋ, ತಿಳಿದೂ ಮುಚ್ಚಿಟ್ಟವರೋ ಅನ್ನೋದು ಅವರ ಉತ್ತರದಲ್ಲೇ ಗೊತ್ತಾಗುತ್ತೆ. ಉತ್ತರ ಬರದಿದ್ದರೆ ‘ವಿವರಣೆಯಂತೆ ಇಲ್ಲ’ ಅಂತ ರಿಟರ್ನ್ ತೆರೆಯಿರಿ. ಹಾಗೆ ತೆರೆದಾಗ ವಾಪಸ್ ಅಂಚೆ ಖರ್ಚೂ ಅವರದೇ.

ತಡವಾದದ್ದನ್ನ ಇದಕ್ಕೆ ಸೇರಿಸಬೇಡಿ. ಕವರ್ ಮೇಲಿನ ಅಂಚೆ ಮುದ್ರೆಯ ತಾರೀಕು ನೋಡಿ. ಅವರು ಸಮಯಕ್ಕೆ ಕಳಿಸಿ, ಕಸ್ಟಮ್ಸ್‌ನಲ್ಲಿ ಕೂತಿದ್ದರೆ ಅವರದೇನು ತಪ್ಪು? ನಿಜವಾಗಿ ತಡಮಾಡಿದ್ದರೆ ಅದಕ್ಕೆ ಬೇರೆ ನಕ್ಷತ್ರ ಇದೆ. ವಿವರಣೆ, ಮಾತುಕತೆ, ಕಳಿಸಿದ ವೇಗ, ಅಂಚೆ ಖರ್ಚು, ಒಂದೊಂದಕ್ಕೂ ಐದರಲ್ಲಿ ಅಂಕ ಕೊಡಬಹುದು. ಯಾರು ಎಷ್ಟು ಕೊಟ್ಟರು ಅಂತ ಸೆಲ್ಲರ್‌ಗೆ ಕಾಣಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಸರ್, ಸಾವಿರಾರು ಪಾಸಿಟಿವ್ ಇರೋ ಸೆಲ್ಲರ್‌ಗೆ ಒಂದು ನೆಗೆಟಿವ್ ಬಿದ್ದರೆ ಏನು ಮಹಾ ಆಗುತ್ತೆ? ಸುಮ್ಮನೆ ಹೆದರಿಸ್ತೀರಿ.

ಉತ್ತರ:
ದೊಡ್ಡ ಸೆಲ್ಲರ್‌ಗೆ ಬೆಲೆಯಲ್ಲಿ ಹೆಚ್ಚೇನೂ ಆಗಲ್ಲ ಅಂತ ನನ್ನ ಅನಿಸಿಕೆ, ಮನಸ್ಸಿಗೆ ಚುಚ್ಚುತ್ತೆ ಅಷ್ಟೆ. ಒಳ್ಳೇ ಹೆಸರಿಗೆ ಎಷ್ಟು ಬೆಲೆ ಅಂತ ಪರೀಕ್ಷೆ ಮಾಡಿದವರೇ ಇದ್ದಾರೆ. ಅಮೆರಿಕದ ಸಂಶೋಧಕ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಹಳೇ ಪೋಸ್ಟ್‌ಕಾರ್ಡ್ ಮಾರೋ ಒಬ್ಬ ಪಳಗಿದ ಸೆಲ್ಲರ್ ಜೊತೆ ಸೇರಿ, ಒಂದೇ ಥರದ ಕಾರ್ಡ್‌ಗಳನ್ನ ಅವರ ಹೆಸರುವಾಸಿ ಖಾತೆಯಲ್ಲೂ ಹೊಚ್ಚಹೊಸ ಖಾತೆಗಳಲ್ಲೂ ಹರಾಜಿಗಿಟ್ಟರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು: ಹಳೇ ಖಾತೆಗೆ ಬೈಯರ್‌ಗಳು ಶೇ. 8.1ರಷ್ಟು ಹೆಚ್ಚು ಕೊಡೋಕೆ ತಯಾರಿದ್ದರು. ತಮಾಷೆ ಅಂದರೆ, ಹೊಸ ಖಾತೆಗಳಲ್ಲಿ ಒಂದೆರಡು ನೆಗೆಟಿವ್ ಇದ್ದರೂ ಬೆಲೆಗೆ ಹೇಳಿಕೊಳ್ಳೋ ಪೆಟ್ಟು ಬೀಳಲಿಲ್ಲ. ಹೊಸಬರನ್ನ ಹೇಗೂ ಯಾರೂ ಪೂರ್ತಿ ನಂಬಿರಲ್ಲ.

ಹಾಗಂತ ಬರೆದದ್ದು ದಂಡ ಅಲ್ಲ. ನಾನು ಕೊಳ್ಳುವಾಗ ಶೇಕಡಾವಾರು ನೋಡೋದೇ ಇಲ್ಲ, ನೇರ ನೆಗೆಟಿವ್‌ಗಳನ್ನ ಓದ್ತೀನಿ. ‘ವರ್ಸ್ಟ್ ಸೆಲ್ಲರ್’ ಅಂತ ಮೂರು ಸಲ ಇದ್ದರೂ ಆ ಮಾತನ್ನ ಬಿಟ್ಟು ಮುಂದಿನದು ಓದ್ತೀನಿ. ‘ಹಿಂದಿನ ಮೂಲ ಗಮ್ ಹಾಗೇ ಇದೆ ಅಂದಿದ್ದರು, ಮತ್ತೆ ಅಂಟು ಬಳಿದಿದ್ದಾರೆ’ ಅಂತ ಒಂದೇ ಒಂದು ಇದ್ದರೂ ಆ ಅಂಗಡಿ ಕಡೆ ತಿರುಗಿ ನೋಡಲ್ಲ. ಕೆಳಗೆ ಸೆಲ್ಲರ್ ಕೊಟ್ಟ ಉತ್ತರವನ್ನೂ ಓದಿ. ‘ಕ್ಷಮಿಸಿ, ಹಣ ವಾಪಸ್ ಕೊಟ್ಟಿದ್ದೇವೆ’ ಅನ್ನೋರು ಒಂದು ಜಾತಿ, ‘ಬೈಯರ್‌ಗೆ ತಲೆ ಕೆಟ್ಟಿದೆ’ ಅಂತ ದೊಡ್ಡಕ್ಷರದಲ್ಲಿ ಕಿರುಚೋರು ಇನ್ನೊಂದು.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ):
ಸರ, ನಾ ಹಳೀ ಬೆಂಕಿಪೊಟ್ಟಣದ ಲೇಬಲ್ ಹೊರದೇಶಕ್ಕ ಮಾರ್ತೀನ್ರಿ. ಒಬ್ಬ ಬೈಯರ್ ‘ಅರ್ಧ ರೊಕ್ಕ ವಾಪಸ್ ಕೊಡ್ರಿ, ಇಲ್ಲಾಂದ್ರ ನೆಗೆಟಿವ್’ ಅಂತ ಬರದಾನ. ಮಾಲಿನ್ಯಾಗ ಏನೂ ತಪ್ಪಿಲ್ಲ, ಎಲ್ಲಾ ಫೋಟೋದಾಗ ಐತಿ. ಕೊಟ್ಟು ಬಿಡ್ಲೇನ್ರಿ?

ಉತ್ತರ:
ಕೊಡಬೇಡಿ ಮೇಡಂ. ಇದು ಬೆದರಿಕೆ, ಈಬೇ ನಿಯಮಕ್ಕೆ ನೇರ ವಿರುದ್ಧ. ಅವರ ಮೆಸೇಜ್ ಈಬೇ ಒಳಗೇ ಬಂದಿದೆ ತಾನೆ? ಅಲ್ಲೇ ಉತ್ತರಿಸಿ, ‘ವಾಟ್ಸಾಪ್‌ಗೆ ಬನ್ನಿ’ ಅಂದರೆ ಹೋಗಬೇಡಿ, ಸಾಕ್ಷಿ ಕೈತಪ್ಪುತ್ತೆ. ‘ತೃಪ್ತಿ ಇಲ್ಲದಿದ್ದರೆ ವಾಪಸ್ ಕಳಿಸಿ, ಪೂರ್ತಿ ಹಣ ಕೊಡ್ತೀನಿ’ ಅಂತ ಒಂದು ಸಾಲು ಬರೆದು, ಆಮೇಲೆ ರಿಪೋರ್ಟ್ ಮಾಡಿ. ಅರ್ಧ ದುಡ್ಡಿನ ಆಸೆಗೆ ಬಂದವರು ಪಾರ್ಸೆಲ್ ಕಟ್ಟೋ ಗೋಜಿಗೆ ಹೋಗೋದು ಕಮ್ಮಿ. ವ್ಯವಹಾರ ಮುಗಿದ ಮೇಲೆ ಅವರನ್ನ ಬ್ಲಾಕ್ ಪಟ್ಟಿಗೆ ಸೇರಿಸಿ. ಸೆಲ್ಲರ್ ಕೈಯಲ್ಲಿ ಉಳಿದಿರೋ ಆಯುಧ ಅದೊಂದೇ.

ಇನ್ನೊಂದು ಮಾತು. ಲೇಬಲ್ ನಿಜವಾಗಿ ಹರಿದಿದ್ದು, ಬೈಯರ್ ಅದಕ್ಕೆ ರಿಫಂಡ್ ಕೇಳಿದರೆ ಅದು ಬೆದರಿಕೆ ಆಗಲ್ಲ, ಅವರ ಹಕ್ಕು. ಹಾಗೇ, ತಪ್ಪು ಸರಿಪಡಿಸಿದ ಮೇಲೆ ನೆಗೆಟಿವ್ ಬದಲಾಯಿಸಿ ಅಂತ ನೀವು ಕೋರಿಕೆ ಕಳಿಸಬಹುದು. ಆದರೆ ಬಂದ ಸಾವಿರ ಫೀಡ್‌ಬ್ಯಾಕ್‌ಗೆ ಐದೇ ಕೋರಿಕೆ, ನೋಡಿಕೊಂಡು ಖರ್ಚು ಮಾಡಿ. ಪಾರ್ಸೆಲ್ ಒಳಗೆ ‘ಐದು ನಕ್ಷತ್ರ ಕೊಟ್ಟರೆ ಮುಂದಿನ ಸಲ ಡಿಸ್ಕೌಂಟ್’ ಅಂತ ಚೀಟಿ ಇಡೋದೂ ಬೇಡ.

ಪ್ರಶ್ನೆ:
ನಮ್ಮ ವಾಟ್ಸಾಪ್ ಹರಾಜಿನಲ್ಲಿ ನಕ್ಷತ್ರ ಗಿಕ್ಷತ್ರ ಏನೂ ಇಲ್ಲವಲ್ಲ ಸರ್, ಅಲ್ಲಿ?

ಉತ್ತರ:
ಅಲ್ಲಿ ಬಾಯಿಮಾತೇ ಫೀಡ್‌ಬ್ಯಾಕ್. ಕವರ್ ಸಿಕ್ಕ ದಿನ ‘ತಲುಪಿತು, ಹೇಳಿದ ಹಾಗೇ ಇದೆ’ ಅಂತ ಒಂದು ಫೋಟೋ ಗುಂಪಿಗೆ ಹಾಕಿ. ಜನ ಇದನ್ನೇ ಮರೀತಾರೆ, ಸಿಟ್ಟು ಬಂದಾಗ ಮಾತ್ರ ಬೆರಳು ಓಡುತ್ತೆ. ತಕರಾರಿದ್ದರೆ ಮೊದಲು ಖಾಸಗಿಯಾಗಿ, ಆಮೇಲೆ ಅಡ್ಮಿನ್‌ಗೆ, ಕೊನೆಗೆ ಗುಂಪಿಗೆ. ಬಿಡ್ ಕೂಗಿ ಗೆದ್ದು ‘ಮಗ ಫೋನ್ ಒತ್ತಿಬಿಟ್ಟ’ ಅನ್ನೋರ ಬಗ್ಗೆ ನಾನೇನೂ ಹೇಳಲ್ಲ, ಅವರು ಯಾರು ಅಂತ ನಿಮಗೆಲ್ಲ ಗೊತ್ತು. ಈಬೇಯಲ್ಲಾದರೆ ನಾಲ್ಕು ದಿನದಲ್ಲಿ ಹಣ ಕಟ್ಟದಿದ್ದರೆ ಸೆಲ್ಲರ್ ಆರ್ಡರ್ ರದ್ದು ಮಾಡಬಹುದು, ಆ ದಾಖಲೆ ಬೈಯರ್ ಖಾತೆ ಮೇಲೆ ಉಳಿಯುತ್ತೆ.

ಮೊದಲ ಪ್ರಶ್ನೆ ಕೇಳಿದವರು:
ಸರ್, ನೀವು ಹೇಳಿದ ಹಾಗೇ ಬರೆದೆ. ಮರುದಿನವೇ ಉತ್ತರ ಬಂತು. ಹಿಂಬದಿ ನೋಡಿರಲಿಲ್ಲವಂತೆ. ವಾಪಸ್ ಕಳಿಸಿ, ಇಲ್ಲ ಸ್ಟಾಂಪ್ ಇಟ್ಟುಕೊಂಡು ಅರ್ಧ ಹಣ ತಗೊಳ್ಳಿ ಅಂದಿದ್ದಾರೆ. ಇಟ್ಟುಕೊಳ್ಳೋಣ ಅಂತಿದ್ದೀನಿ. ಕವರ್ ಮುದ್ರೆ ನೋಡಿದೆ, ಸಮಯಕ್ಕೇ ಕಳಿಸಿದ್ದಾರೆ. ಈಗ ಪಾಸಿಟಿವಾ, ನ್ಯೂಟ್ರಲಾ?

ಉತ್ತರ:
ನಾನಾದರೆ ಪಾಸಿಟಿವ್, ವಿವರಣೆಗೆ ಮಾತ್ರ ಮೂರು ನಕ್ಷತ್ರ. ‘ಹಿಂಬದಿಯ ತೆಳು ಲಿಸ್ಟಿಂಗ್‌ನಲ್ಲಿ ಇರಲಿಲ್ಲ, ತಿಳಿಸಿದ ಕೂಡಲೇ ತಕರಾರಿಲ್ಲದೆ ಅರ್ಧ ಹಣ ವಾಪಸ್’ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಎರಡೂ ಭಾಗ ಇರಲಿ, ಮುಂದೆ ಕೊಳ್ಳೋರಿಗೆ ಎರಡೂ ಬೇಕು. ನ್ಯೂಟ್ರಲ್ ಕೊಟ್ಟರೂ ಯಾರೂ ತಪ್ಪು ಅನ್ನಲ್ಲ. ಆದರೆ ‘ಪಾಸಿಟಿವ್ ಕೊಡ್ತೀನಿ, ಹಣ ಕಳಿಸಿ’ ಅಂತ ಮೆಸೇಜಿನಲ್ಲಿ ಮಾತು ಕೊಡಬೇಡಿ. ಹಣ ಖಾತೆಗೆ ಬರಲಿ, ಆಮೇಲೆ ಬರೆಯಿರಿ. ಆಲ್ಬಂನಲ್ಲಿ ಆ ಸ್ಟಾಂಪ್ ಪಕ್ಕ ಪೆನ್ಸಿಲ್‌ನಲ್ಲಿ ‘ತೆಳು’ ಅಂತ ಗುರುತು ಹಾಕಿಡಿ, ಮುಂದೆ ಮಾರೋರು ನೀವೇ ಆಗಿರ್ತೀರಿ.